ಹವಳದ ಟ್ಯಾಂಕಿನಲ್ಲಿ ದುಡ್ಡು ಸೋರುವುದು ಎಲ್ಲಿ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಡಿಮೆ ಖರ್ಚಿನಲ್ಲಿ ಮನೆಯೊಳಗೇ ಹವಳದ ಅಕ್ವೇರಿಯಂ ಮಾಡಿಕೊಳ್ಳುವ ಬಗ್ಗೆ ಒಂದು ಬರಹ ಬಂದಿತ್ತು. ಓದಿ ಖುಷಿಯಾಯಿತು. ಮುಗಿಸುವಷ್ಟರಲ್ಲಿ ಸ್ವಲ್ಪ ಸಿಟ್ಟೂ ಬಂತು. "30 ಲೀಟರಿನ ಪುಟ್ಟ ಟ್ಯಾಂಕ್ ತಗೊಳ್ಳಿ, ಖರ್ಚು ಉಳಿಯುತ್ತದೆ, ಎರಡು ವಾರದಲ್ಲಿ ಮೀನು, ಹವಳ ಎಲ್ಲ ಬಿಡಬಹುದು" ಅಂತ ಬರೆದಿದ್ದೀರಲ್ಲ, ಇದೇ ಎರಡು ಮಾತನ್ನು ನಂಬಿ ಕೈ ಸುಟ್ಟುಕೊಂಡವನು ನಾನು. ನಿಮ್ಮ ಬರಹ ಓದಿ ಯಾರಾದರೂ ಈಗಾಗಲೇ ಅಂಗಡಿ ಕಡೆ ಹೊರಟಿದ್ದರೆ, ಅವರು ಚಪ್ಪಲಿ ಮೆಟ್ಟುವ ಮೊದಲು ಈ ಪತ್ರ ಕಣ್ಣಿಗೆ ಬೀಳಲಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು, ಕತ್ತರಿಸಿಕೊಳ್ಳಿ. ಆದರೆ ನೀರಿನ ಭಾಗ ಮಾತ್ರ ಕತ್ತರಿಸಬೇಡಿ.

ಮೊದಲು ಈ ಸಣ್ಣ ಟ್ಯಾಂಕಿನ ವಿಷಯ. ಸಣ್ಣದು ಅಂದ್ರೆ ಅಗ್ಗ ಅಂತ ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪೆಲ್ಲ ಅಲ್ಲೇ ಉಳಿಯುತ್ತದೆ. 30 ಲೀಟರಿನಲ್ಲಿ 4 ಲೀಟರ್ ಆರಿತು ಅಂದರೆ 35 ಇದ್ದ ಉಪ್ಪು 40 ದಾಟುತ್ತದೆ. ಒಂದು ವಾರ ಊರಲ್ಲಿ ಇಲ್ಲದಿದ್ದರೆ ಇಷ್ಟು ಸಾಕು. ಅದೇ 4 ಲೀಟರ್ 120 ಲೀಟರಿನ ಟ್ಯಾಂಕಿನಲ್ಲಿ ಆರಿದರೆ 36ರ ಆಸುಪಾಸು. ದೊಡ್ಡ ಟ್ಯಾಂಕಿನಲ್ಲಿ ಆವಿ ಜಾಸ್ತಿಯೇ, ಆದರೆ ನಾಲ್ಕು ಪಟ್ಟು ಜಾಸ್ತಿ ಅಲ್ಲ. ಬಿಸಿಯೂ ಹಾಗೇ, ಮೀನಿನ ಗಲೀಜೂ ಹಾಗೇ. ಪುಟ್ಟ ಟ್ಯಾಂಕಿನಲ್ಲಿ ಬೆಳಿಗ್ಗೆ ಮಾಡಿದ ತಪ್ಪು ಸಂಜೆಗೆ ಸಾವಾಗಿ ಬರುತ್ತದೆ. ದೊಡ್ಡದರಲ್ಲಿ ತಿದ್ದಿಕೊಳ್ಳಲು ಎರಡು ಮೂರು ದಿನ ಸಿಗುತ್ತದೆ. ಪುಟ್ಟದನ್ನು ಚೆನ್ನಾಗಿ ನಡೆಸುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರೆಲ್ಲ ಪಳಗಿದ ಕೈಗಳು.

ನನ್ನ ಕಥೆ ಕೇಳಿ. ಮೊದಲ ಟ್ಯಾಂಕ್ 30 ಲೀಟರಿನದು. ಅಂಗಡಿಯವರು ಒಂದು ಬಾಟಲಿ ಬ್ಯಾಕ್ಟೀರಿಯಾ ಕೊಟ್ಟು, ಇದನ್ನು ಸುರಿದರೆ ಮೂರನೇ ದಿನ ಮೀನು ಬಿಡಬಹುದು ಅಂದರು. ಬಿಟ್ಟೆ. ಎರಡು ಕ್ಲೌನ್ ಮೀನು, ಜೊತೆಗೆ ಬೆರಳುದ್ದದ ಒಂದು ನೀಲಿ ಟ್ಯಾಂಗ್. ಆ ಟ್ಯಾಂಗ್ ಬೆಳೆದರೆ 30 ಸೆಂಟಿಮೀಟರ್ ಆಗುತ್ತದೆ, ಅಂದರೆ ನನ್ನ ಟ್ಯಾಂಕಿನ ಅಗಲಕ್ಕಿಂತ ಜಾಸ್ತಿ ಅಂತ ಗೊತ್ತಾಗಿದ್ದು ಆಮೇಲೆ. ಆರನೇ ದಿನ ಬೆಳಿಗ್ಗೆ ಮೂರೂ ಮೀನು ಮೇಲಿನ ಮೂಲೆಯಲ್ಲಿ ಬಾಯಿ ತೆರೆದು ಮುಚ್ಚುತ್ತಾ ನಿಂತಿದ್ದವು, ಕಿವಿರು ದಬದಬ ಬಡಿದುಕೊಳ್ಳುತ್ತಿತ್ತು. ಅಮೋನಿಯಾ, ಮೀನಿನ ಗಲೀಜಿನಿಂದ ಹುಟ್ಟುವ ವಿಷ. ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲಿಲ್ಲ. ಸಂಜೆಗೆ ಒಂದೇ ಉಳಿದಿತ್ತು, ಮಾರನೇ ದಿನ ಅದೂ ಇಲ್ಲ. ಬಾಟಲಿ ಬ್ಯಾಕ್ಟೀರಿಯಾ ಎಲ್ಲವೂ ಮೋಸ ಅಂತಲ್ಲ, ಕೆಲವು ಕೆಲಸ ಮಾಡುತ್ತವೆ. ಆದರೆ ಅದು ಕೆಲಸ ಮಾಡಿದೆಯಾ ಅಂತ ಟೆಸ್ಟ್ ಮಾಡಿ ನೋಡದೆ ಮೀನು ಬಿಟ್ಟಿದ್ದು ನನ್ನ ತಪ್ಪು. ಹೋಗಲಿ, ಅಷ್ಟಕ್ಕೇ ಬುದ್ಧಿ ಬಂತಾ? ಇಲ್ಲ. ಅದೇ ಟ್ಯಾಂಕಿಗೆ ಇನ್ನೂ ಎರಡು ಸಲ ಮೀನು ತಂದೆ. ಆ ದುಡ್ಡೆಲ್ಲ ಕೂಡಿಸಿದ್ದರೆ ಮೊದಲ ದಿನವೇ ದೊಡ್ಡ ಟ್ಯಾಂಕ್ ಬಂದಿರುತ್ತಿತ್ತು.

ಎರಡನೇ ಪಾಠ ಕಲಿಸಿದ್ದು ಒಂದು ಗಾಳಿ ಗುಳ್ಳೆ. ಉಪ್ಪು ಅಳೆಯಲು ನನ್ನ ಹತ್ತಿರ ಇದ್ದಿದ್ದು ಪ್ಲಾಸ್ಟಿಕ್ ಹೈಡ್ರೋಮೀಟರ್, ಒಳಗೆ ಒಂದು ಮುಳ್ಳು ಮೇಲೆ ಕೆಳಗೆ ಆಡುತ್ತದಲ್ಲ, ಆ ಥರದ್ದು. ತಿಂಗಳುಗಟ್ಟಲೆ ಅದು 1.026 (ಸಿಹಿ ನೀರನ್ನು 1 ಅಂತ ಇಟ್ಟುಕೊಂಡ ಲೆಕ್ಕ, ಸಾವಿರಕ್ಕೆ 35 ಪಾಲಿನ ಹತ್ತಿರ) ತೋರಿಸುತ್ತಿತ್ತು, ನಾನೂ ನೆಮ್ಮದಿಯಾಗಿದ್ದೆ. ಆದರೂ ಹವಳ ಬಾಡುತ್ತಿತ್ತು, ಬಸವನಹುಳು ಗಾಜಿನಿಂದ ಕಳಚಿ ಬೀಳುತ್ತಿತ್ತು. ಒಂದು ದಿನ ಲೈಟಿಗೆ ಹಿಡಿದು ನೋಡಿದರೆ ಮುಳ್ಳಿನ ಅಡಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತಿ ಹಿಡಿದಿವೆ! ಬೇರೆಯವರ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ ನಿಜ ಅಳತೆ 1.020. ಸಾವಿರಕ್ಕೆ 27 ಪಾಲು ಅಂದುಕೊಳ್ಳಿ. ಅದು ಹವಳ ಬದುಕುವ ನೀರೇ ಅಲ್ಲ. ಅದಕ್ಕೇ ಹೇಳುವುದು, ಟ್ಯಾಂಕ್ ಹಳೆಯದಿರಲಿ, ಸ್ಟ್ಯಾಂಡ್ ಹಳೆಯದಿರಲಿ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಮಾತ್ರ ನಿಮ್ಮದೇ ಇರಲಿ. ಅದನ್ನೂ 35ರ ಅಳತೆ ದ್ರಾವಣ ಹಾಕಿ ಸರಿಮಾಡಿಕೊಳ್ಳಬೇಕು. ಬರೀ ನೀರು ಹಾಕಿ ಸೊನ್ನೆಗೆ ತಂದರೆ ಸಾಲದು, ಸೊನ್ನೆಯಲ್ಲಿ ಸರಿ ಇರುವುದು 35ರಲ್ಲಿ ತಪ್ಪಬಹುದು.

ಈಗ ನೀರು. ನನ್ನ ಪ್ರಕಾರ ಇಡೀ ಹವ್ಯಾಸದಲ್ಲಿ ಜಿಪುಣತನ ಮಾಡಬಾರದ ಜಾಗ ಇದೊಂದೇ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಕೆಲವು ಕಡೆ ಕ್ಲೋರಮೈನ್, ಪೈಪಿನಿಂದ ಬಂದ ತಾಮ್ರ, ಪಾಚಿಗೆ ಹಬ್ಬ ಮಾಡುವ ನೈಟ್ರೇಟ್, ಫಾಸ್ಫೇಟ್. ತಾಮ್ರ ತೀರಾ ಸ್ವಲ್ಪ ಇದ್ದರೂ ಸೀಗಡಿ, ಬಸವನಹುಳು, ಹವಳಕ್ಕೆ ವಿಷ. ಕುಡಿಯುವ ನೀರಿನ ಆರ್‌ಓ ಸಾಕಾಗುವುದಿಲ್ಲ, ಅದಾದಮೇಲೆ ಉಳಿದ ಲವಣವನ್ನೂ ಹೀರಿಕೊಳ್ಳುವ ಒಂದು ಡಿಐ ರೆಸಿನ್ ಹಂತ ಬೇಕು, ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಕುಡಿಯುವ ಆರ್‌ಓದಲ್ಲಿ ರುಚಿಗೆ ಅಂತ ಖನಿಜ ಮತ್ತೆ ಸೇರಿಸುವ ಫಿಲ್ಟರ್ ಇರುತ್ತದಲ್ಲ, ನೀರನ್ನು ಅದಕ್ಕಿಂತ ಮೊದಲೇ ತೆಗೆದುಕೊಳ್ಳಬೇಕು. ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಅದು ಬರೀ ಸೋಡಿಯಂ ಕ್ಲೋರೈಡ್. ಹವಳಕ್ಕೆ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಲ್ಲ ಬೇಕು, ರೀಫ್ ಉಪ್ಪಿನ ಮಿಶ್ರಣದಲ್ಲಿ ಇವು ಇರುತ್ತವೆ. ಲೀಟರಿಗೆ 35 ಗ್ರಾಂ ಲೆಕ್ಕ, ಮಿಶ್ರಣದಲ್ಲಿ ಒಂದಿಷ್ಟು ತೇವ ಇರುವುದರಿಂದ 38ರ ಹತ್ತಿರ ಹೋಗುತ್ತದೆ. ವಾರಕ್ಕೆ 10 ಲೀಟರ್ ಬದಲಿಸಿದರೂ 400 ಗ್ರಾಂ ಉಪ್ಪು ಆಗಲ್ಲ. ಇದರಲ್ಲಿ ಉಳಿಸಲು ಏನಿದೆ ಹೇಳಿ? ಇನ್ನೊಂದು ಮಾತು. ಆರಿ ಹೋದ ನೀರಿನ ಜಾಗಕ್ಕೆ ಉಪ್ಪುನೀರು ಸುರಿಯುವವರು ಇದ್ದಾರೆ (ನಾನೂ ಸುರಿದಿದ್ದೇನೆ, ನಗಬೇಡಿ). ಸಿಹಿ ನೀರನ್ನೇ ಹಾಕಬೇಕು. ಗಾಜಿನ ಮೇಲೆ ಒಂದು ಟೇಪಿನ ಗುರುತು ಹಾಕಿ, ದಿನಾ ಅಲ್ಲಿಗೆ ತುಂಬಿಸಿ. ಆರಿದ ನೀರನ್ನು ತಾನೇ ತುಂಬಿಸುವ ಆಟೋ ಟಾಪ್‌ಆಫ್ ಯಂತ್ರ ಆಮೇಲೆ ಬಂದರೂ ನಡೆಯುತ್ತದೆ.

ಹಾಗಾದರೆ ಉಳಿಸುವುದು ಎಲ್ಲಿ? ಬೇಕಾದಷ್ಟು ಕಡೆ.

ಟ್ಯಾಂಕನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಈ ಹವ್ಯಾಸ ಶುರು ಮಾಡಿ ವರ್ಷದೊಳಗೆ ಕೈಬಿಡುವವರು ತುಂಬಾ ಜನ, ಹಾಗಾಗಿ ಟ್ಯಾಂಕ್, ಪಂಪು, ಲೈಟು ಎಲ್ಲ ಮಾರಾಟಕ್ಕೆ ಬರುತ್ತಲೇ ಇರುತ್ತವೆ. 75 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರದ್ದು ಸಿಕ್ಕರೆ 120 ಲೀಟರ್ ಆಯಿತು. ಮೂಲೆಯ ಸಿಲಿಕೋನ್ ಉಗುರಿಗೆ ಕಿತ್ತು ಬರುತ್ತದಾ ನೋಡಿ. ತುಂಬಿಸಿ ಎರಡು ದಿನ ಹೊರಗೇ ಇಡಿ. ಮಾರುವವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಇದರಲ್ಲಿ ಯಾವತ್ತಾದರೂ ತಾಮ್ರದ ಔಷಧಿ ಹಾಕಿದ್ದೀರಾ? ಹಾಕಿದ್ದರೆ ಅವರ ಕಲ್ಲು, ಮರಳು ಬೇಡವೇ ಬೇಡ, ತಾಮ್ರ ಅದರೊಳಗೆ ಕೂತಿರುತ್ತದೆ. ಹಾಗೇ ಭಾರದ ಲೆಕ್ಕವನ್ನೂ ಮರೆಯಬೇಡಿ. ನೀರು, ಕಲ್ಲು, ಗಾಜು ಸೇರಿ 150 ಕಿಲೋ ಆಗುತ್ತದೆ, ಪುಸ್ತಕದ ಶೆಲ್ಫು ತಡೆಯಲ್ಲ.

ಸಮುದ್ರದಿಂದ ಬಂದ ಜೀವಂತ ಕಲ್ಲು, ಲೈವ್ ರಾಕ್ ಅಂತಾರಲ್ಲ, ಅದು ದುಬಾರಿ. ಒಣ ಕಲ್ಲು ಸಾಕು. ಅಗ್ಗ, ಬೇಡದ ಹುಳು ಬರಲ್ಲ, ಸಮುದ್ರದ ತಳ ಅಗೆದ ಪಾಪವೂ ಇಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಟೈಮ್ ಬೇಕು ಅಷ್ಟೇ. ಗುಳ್ಳೆ ಎಬ್ಬಿಸಿ ಗಲೀಜನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲದೆ ಆಗೋದೇ ಇಲ್ಲ ಅಂತ ನಿಮ್ಮ ಬರಹದಲ್ಲಿದೆ. 120 ಲೀಟರಿಗೆ ಎರಡು ಮೂರು ಸಣ್ಣ ಮೀನು, ವಾರ ವಾರ ನೀರು ಬದಲು, ಇಷ್ಟಿದ್ದರೆ ಸ್ಕಿಮ್ಮರ್ ಇಲ್ಲದೆ ಧಾರಾಳ ನಡೆಯುತ್ತದೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನುವವರು 1961ರಲ್ಲೇ ತಮ್ಮ ವಿಧಾನದ ಬಗ್ಗೆ ಬರೆದಿದ್ದರು. ಅವರ ಬಳಿ ಇದ್ದಿದ್ದು ಜೀವಂತ ಕಲ್ಲು, ಬೆಳಕು, ಗಾಳಿಯ ಗುಳ್ಳೆ ಅಷ್ಟೇ. ಕಲ್ಲೇ ಫಿಲ್ಟರ್ ಅನ್ನುವುದು ಅವರ ಮಾತಿನ ತಿರುಳು. ಆಮೇಲೆ ಬರ್ಲಿನ್ನಿನ ಹವ್ಯಾಸಿಗಳು ಅದಕ್ಕೆ ಸ್ಕಿಮ್ಮರ್, ಜೋರು ಬೆಳಕು ಸೇರಿಸಿದರು. ಸಂಪ್ (ಟ್ಯಾಂಕಿನ ಕೆಳಗೆ ಇಡುವ ಇನ್ನೊಂದು ತೊಟ್ಟಿ), ರಿಯಾಕ್ಟರ್, ಮೊಬೈಲಿಗೆ ಮೆಸೇಜು ಕಳಿಸುವ ಕಂಟ್ರೋಲರ್ ಇವೆಲ್ಲ ಅನುಕೂಲಗಳು. ಇದ್ದರೆ ಚೆಂದ, ಇಲ್ಲದಿದ್ದರೆ ಹವಳವೇನೂ ಸಾಯಲ್ಲ.

ಹೀಟರಿನಲ್ಲಿ ಮಾತ್ರ ಒಂದು ಉಪಾಯ ಹೇಳುತ್ತೇನೆ. 150 ವ್ಯಾಟಿನದು ಒಂದರ ಬದಲು 75 ವ್ಯಾಟಿನವು ಎರಡು ಹಾಕಿ. ಹೀಟರ್ ಕೆಡುವಾಗ ಎಷ್ಟೋ ಸಲ ಆನ್ ಆಗಿಯೇ ಕೆಡುತ್ತದೆ, ದೊಡ್ಡದಾದರೆ ರಾತ್ರಿ ಬೆಳಗಾಗುವುದರೊಳಗೆ ಟ್ಯಾಂಕು ಬೆಂದು ಹೋಗುತ್ತದೆ. ಒಂದು ಚಿಕ್ಕದು ಅಂಟಿಕೊಂಡರೆ ಅಷ್ಟು ಬೇಗ ಬಿಸಿಯಾಗಲ್ಲ, ನಿಂತು ಹೋದರೆ ಇನ್ನೊಂದು ಕಾಯುತ್ತದೆ. ನೀರು 25ರಿಂದ 26 ಡಿಗ್ರಿಯಲ್ಲಿ ಇರಲಿ. ಸೆಕೆಗೆ ಚಿಲ್ಲರ್ ಬೇಡ, ನೀರಿನ ಮೇಲೆ ಗಾಳಿ ಹಾಯುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿ ಜಾಸ್ತಿ, ಟೇಪಿನ ಗುರುತು ನೋಡುತ್ತಿರಿ.

ಲೈಟಿನ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಅನ್ನುವ ಪಾಚಿ ವಾಸವಾಗಿದೆ. ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುವುದು ಅದೇ. ಆದರೆ ಯಾವ ಹವಳ ಅನ್ನುವುದರ ಮೇಲೆ ಬೆಳಕಿನ ಲೆಕ್ಕ ಬದಲಾಗುತ್ತದೆ. ಮಶ್ರೂಮ್, ಝೋಯಾಂಥಿಡ್, ಲೆದರ್ ಹವಳ ಇಂಥ ಮೆತ್ತನೆಯವಕ್ಕೆ ಪಾರ್ ಅಳತೆಯಲ್ಲಿ (ಪಾಚಿ ಅಡುಗೆಗೆ ಬಳಸುವ ಬೆಳಕಿನ ಲೆಕ್ಕ) 50ರಿಂದ 150 ಸಾಕು. ಕವಲು ಕವಲಾಗಿ ಬೆಳೆಯುವ ಅಕ್ರೋಪೋರಾ ಬೇಕು ಅಂದರೆ 250 ದಾಟಬೇಕು, ಜೊತೆಗೆ ಜೋರು ಹರಿವು, ದಿನ ದಿನದ ಟೆಸ್ಟು. ದುಬಾರಿ ಲೈಟ್ ಬೇಕಾಗುವುದು ಅಲ್ಲಿ. ಮೊದಲ ವರ್ಷ ಅದರ ಗೊಡವೆಯೇ ಬೇಡ. ನೀಲಿ ಬೆಳಕು ಜಾಸ್ತಿ ಇರುವ ಒಂದು ಸಾಧಾರಣ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ, ಒಂದು ಟೈಮರ್, ಅಷ್ಟೇ.

ಇಷ್ಟೆಲ್ಲ ಆದಮೇಲೆ ಕಾಯುವ ಕೆಲಸ. ನನ್ನ ಎರಡನೇ ಟ್ಯಾಂಕಿನಲ್ಲಿ ಏಳು ವಾರ ಕಲ್ಲು, ನೀರು ಬಿಟ್ಟರೆ ಏನೂ ಇರಲಿಲ್ಲ. "ಎಲ್ಲರೂ ಮೀನು ಸಾಕ್ತಾರೆ, ನೀವು ಕಲ್ಲು ಸಾಕ್ತಿದ್ದೀರಾ?" ಅಂತ ಮನೆಯವರು ಕೇಳಿದರು. ಬಂದ ನೆಂಟರೆಲ್ಲ ಒಮ್ಮೆ ಬಗ್ಗಿ ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಹೋದರು. ಆ ಏಳು ವಾರ ಒಳಗೆ ನಡೆಯುತ್ತಿದ್ದದ್ದು ಇಷ್ಟು: ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡನೆಯವು ಹುಟ್ಟಿ ಬೆಳೆಯುವುದು ನಿಧಾನ. 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಆಗುವಷ್ಟು ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಟ್ಯಾಂಕು ರೆಡಿ. ಕೆಲವರಿಗೆ ನಾಲ್ಕು ವಾರ, ಕೆಲವರಿಗೆ ಆರು, ನನ್ನಂಥವರಿಗೆ ಏಳು. ಕ್ಯಾಲೆಂಡರ್ ನೋಡಿ ತೀರ್ಮಾನಿಸುವ ವಿಷಯ ಅಲ್ಲ ಅದು, ಟೆಸ್ಟ್ ಕಿಟ್ ನೋಡಿ ತೀರ್ಮಾನಿಸಬೇಕು.

ಅದಾದಮೇಲೂ ಕಣ್ಣಿಗೆ ಹಬ್ಬ ಇಲ್ಲ. ಮೊದಲು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಕಂದು ಪುಡಿಯ ಹಾಗೆ ಎಲ್ಲದರ ಮೇಲೂ ಕೂರುತ್ತದೆ, ಆಮೇಲೆ ಹಸಿರು ಕೂದಲಿನಂಥ ಪಾಚಿ, ಕೆಲವರಿಗೆ ಕೆಂಪು ಲೋಳೆ. ಹವ್ಯಾಸಿಗಳು ಇದನ್ನು ಅಸಹ್ಯದ ಕಾಲ ಅಂತಲೇ ಕರೆಯುತ್ತಾರೆ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಗಾಬರಿಯಾಗಿ ಅಂಗಡಿಗೆ ಓಡಿ ಪಾಚಿ ಕೊಲ್ಲುವ ಬಾಟಲಿ, ಫಾಸ್ಫೇಟ್ ಹೀರುವ ಪುಡಿ, ಇನ್ನೊಂದು ಪಂಪು ತರುತ್ತಾರೆ. ಏನೂ ತರಬೇಡಿ. ನಾಲ್ಕು ಬಸವನಹುಳು ಬಿಡಿ, ಲೈಟು ಎರಡು ಗಂಟೆ ಕಡಿಮೆ ಮಾಡಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ನೀರು ಬದಲಿಸಿ. ನೈಟ್ರೇಟ್, ಫಾಸ್ಫೇಟನ್ನು ಹಟ ಹಿಡಿದು ಸೊನ್ನೆ ಮಾಡಿದರೆ ಹವಳಕ್ಕೂ ಹೊಟ್ಟೆಗಿಲ್ಲ, ಆಮೇಲೆ ಡೈನೋಫ್ಲಾಜೆಲೇಟ್ ಅನ್ನುವ ಇನ್ನೂ ಕೆಟ್ಟ ಲೋಳೆ ಬಂದು ಕೂರುತ್ತದೆ.

ಮೀನು ತರುವಾಗ ತೊಟ್ಟಿಯಲ್ಲಿ ಹುಟ್ಟಿ ಬೆಳೆದದ್ದನ್ನೇ ಕೇಳಿ. ಕ್ಲೌನ್ ಮೀನು 1970ರ ದಶಕದಿಂದ ಹಾಗೆ ಬೆಳೆಸಿ ಮಾರುತ್ತಿದ್ದಾರೆ, ಅದನ್ನು ಸಮುದ್ರದಿಂದ ಹಿಡಿದು ತರುವ ಅಗತ್ಯವೇ ಇಲ್ಲ. ಮನುಷ್ಯರ ನಡುವೆ ಬೆಳೆದದ್ದು ಬೇಗ ತಿನ್ನುತ್ತದೆ, ಬೇಗ ಒಗ್ಗುತ್ತದೆ, ಹತ್ತು ವರ್ಷ ಬದುಕುತ್ತದೆ. ಅದಕ್ಕೆ ಅನಿಮೋನಿ (ಹೂವಿನ ಹಾಗೆ ಕಾಣುವ ಕಡಲ ಪ್ರಾಣಿ) ಬೇಕೇ ಬೇಕು ಅಂತ ಬರೆದಿದ್ದೀರಿ, ಬೇಡ. ಅನಿಮೋನಿ ಒಂದು ಕಡೆ ನಿಲ್ಲಲ್ಲ, ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿ ಚೂರಾಗಿ ಇಡೀ ಟ್ಯಾಂಕನ್ನು ಕೆಡಿಸಿದ ಕಥೆಗಳು ಬೇಕಾದಷ್ಟಿವೆ. ಹೊಸ ಮೀನನ್ನು ಒಂದು ಪ್ಲಾಸ್ಟಿಕ್ ಟಬ್ಬು, ಸ್ಪಂಜ್ ಫಿಲ್ಟರ್ ಇಟ್ಟುಕೊಂಡು ನಾಲ್ಕಾರು ವಾರ ಬೇರೆಯೇ ನೋಡಿ. ಬಿಳಿ ಚುಕ್ಕೆ ಬಂದರೆ ಔಷಧಿ ಅಲ್ಲೇ ಕೊಡಬಹುದು. ಹವಳದ ಟ್ಯಾಂಕಿಗೆ ತಾಮ್ರದ ಔಷಧಿ ಹಾಕುವಂತೆಯೇ ಇಲ್ಲ ಅಲ್ವಾ.

ಹವಳವನ್ನು ನಾನು ಇಡಿಯಾಗಿ ಕೊಂಡೇ ಇಲ್ಲ. ತುಂಡು ಸಾಕು, ಫ್ರ್ಯಾಗ್ ಅಂತಾರೆ. ನನ್ನ ಮೊದಲ ಝೋಯಾಂಥಿಡ್ ತುಂಡಿನಲ್ಲಿ ಮೂರೇ ಮೂರು ಬಾಯಿ ಇದ್ದವು, ಇನ್ನೊಬ್ಬ ಹವ್ಯಾಸಿ ಟ್ಯಾಂಕು ಚೊಕ್ಕ ಮಾಡುವಾಗ ಎತ್ತಿ ಕೊಟ್ಟಿದ್ದು. ಸೂಪರ್‌ಗ್ಲೂ ಜೆಲ್ ಒಂದು ಹನಿ ಹಾಕಿ ಕಲ್ಲಿಗೆ ಒತ್ತಿ ಹಿಡಿದೆ, ನೀರಿನೊಳಗೂ ಅದು ಹಿಡಿಯುತ್ತದೆ. ಎರಡು ದಿನ ಅಂಗಿಯ ಗುಂಡಿಯ ಹಾಗೆ ಮುಚ್ಚಿಕೊಂಡೇ ಇತ್ತು. ಮೂರನೇ ದಿನ ಲೈಟು ಹತ್ತಿ ಅರ್ಧ ಗಂಟೆಗೆ ಒಂದು ಬಾಯಿ ಬಿರಿಯಿತು, ನಡುವೆ ಹಸಿರು, ಸುತ್ತ ಕಿತ್ತಳೆ ಬಣ್ಣದ ರೆಪ್ಪೆ. ಮಿಕ್ಕ ಎರಡು ಸಂಜೆಗೆ. ಈಗ ಅದು ಅಂಗೈ ಅಗಲ ಹಬ್ಬಿದೆ, ಅದರಿಂದ ಆರೇಳು ಜನಕ್ಕೆ ತುಂಡು ಹೋಗಿದೆ. ಆದರೆ ಒಂದು ಎಚ್ಚರಿಕೆಯನ್ನು ನಿಮ್ಮ ಬರಹ ಬಿಟ್ಟೇ ಬಿಟ್ಟಿದೆ. ಈ ಜಾತಿಯ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇದೆ. ಕತ್ತರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅವು ಅಂಟಿಕೊಂಡ ಕಲ್ಲನ್ನು ಚೊಕ್ಕ ಮಾಡಲು ಅಂತ ಕುದಿಸಲೇಬಾರದು. ಆ ಹಬೆ ಕುಡಿದು ಇಡೀ ಮನೆಯವರು ಆಸ್ಪತ್ರೆ ಸೇರಿದ್ದೂ ಇದೆ.

ಹವಳ ಬೆಳೆಯತೊಡಗಿದಮೇಲೆ ಕ್ಯಾಲ್ಸಿಯಂ, ಕ್ಷಾರತೆ (ಹೆಚ್ಚುಕಡಿಮೆ ಮೇಲೆ ಹೇಳಿದ ಕಾರ್ಬೊನೇಟಿನ ಲೆಕ್ಕ) ಇಳಿಯುತ್ತವೆ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಕ್ಷಾರತೆ 8ರಿಂದ 9 ಡಿಕೆಎಚ್ ಇದ್ದರೆ ಆಯಿತು. ಮೆತ್ತನೆಯ ಹವಳ ಮಾತ್ರ ಇದ್ದರೆ ನೀರು ಬದಲಿಸುವುದರಲ್ಲೇ ಇದು ಸರಿಹೋಗುತ್ತದೆ. ಸಾಲದಿದ್ದರೆ ಹವ್ಯಾಸಿಗಳು ಕಾಲ್ಕ್‌ವಾಸರ್ ಅನ್ನುತ್ತಾರೆ, ಜರ್ಮನ್ ಹೆಸರು, ಕೇಳಿದರೆ ಏನೋ ದೊಡ್ಡ ರಸಾಯನ ಅನ್ನಿಸುತ್ತದೆ. ನಮ್ಮ ಮಾತಲ್ಲಿ ಸುಣ್ಣದ ತಿಳಿನೀರು! ಶುದ್ಧವಾದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರಬೇಕು, ಗೋಡೆಗೆ ಬಳಿಯುವ ಸುಣ್ಣ ಅಲ್ಲ. ಲೀಟರಿಗೆ ಒಂದೂವರೆ ಗ್ರಾಂ ಹಾಕಿ ಕಲಕಿ, ಮುಚ್ಚಿಟ್ಟು, ತಳ ಕಟ್ಟಿದಮೇಲೆ ಮೇಲಿನ ತಿಳಿಯನ್ನು ರಾತ್ರಿ ಹೊತ್ತು ತೊಟ್ಟು ತೊಟ್ಟಾಗಿ ಬಿಡಬೇಕು. ಅದರ ಪಿಎಚ್ 12ಕ್ಕಿಂತ ಮೇಲೆ, ಒಂದೇ ಸಲ ಸುರಿದರೆ ಎಲ್ಲ ಸತ್ತೇ ಹೋಗುತ್ತವೆ.

ಕರೆಂಟಿನ ಬಗ್ಗೆ ಎರಡೇ ಮಾತು. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತು ಬಿದ್ದು ಮೇಲೇರಲಿ, ಆಗ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗಲ್ಲ. ಕರೆಂಟು ಹೋದಾಗ ಮೊದಲು ಮುಗಿಯುವುದು ಆಮ್ಲಜನಕ, ಬಿಸಿ ಆಮೇಲಿನ ಮಾತು. ಬ್ಯಾಟರಿಯ ಗಾಳಿ ಪಂಪು ಒಂದಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಕೊನೆಗೆ ನೀವು ಹಾಕಿದ ಫೋಟೋ. ಅದರ ಕೆಳಗೆ "ಎರಡು ವಾರದ ಟ್ಯಾಂಕ್" ಅಂತ ಅಚ್ಚಾಗಿದೆ. ಭೂತಗನ್ನಡಿ ಹಿಡಿದು ನೋಡಿದೆ. ಹಿಂದಿನ ಗಾಜಿನ ಮೇಲೆ, ಪಂಪಿನ ಮೈಮೇಲೆ ನೇರಳೆ ಬಣ್ಣದ ತೇಪೆ ತೇಪೆ ಕಾಣುತ್ತದೆ. ಅದು ಕೋರಲೈನ್ ಪಾಚಿ, ಸುಣ್ಣದ ಪದರ ಕಟ್ಟುತ್ತಾ ಬೆಳೆಯುವಂಥದ್ದು. ಅಷ್ಟಗಲ ಹಬ್ಬಬೇಕಾದರೆ ತಿಂಗಳುಗಟ್ಟಲೆ ಬೇಕು. ಆ ಟ್ಯಾಂಕಿಗೆ ಕಡಿಮೆ ಅಂದರೂ ಒಂದು ವರ್ಷ ಆಗಿರಬೇಕು ಅಂತ ನನ್ನ ಅಂದಾಜು. ಅದನ್ನು ಸಾಕಿದವರು ಯಾರೋ, ಅವರ ಒಂದು ವರ್ಷವನ್ನು ನೀವು ಎರಡು ವಾರ ಮಾಡಿಬಿಟ್ಟಿದ್ದೀರಿ. ಮುಂದಿನ ಭಾನುವಾರ ಒಂದು ಸಾಲಿನ ತಿದ್ದುಪಡಿ ಹಾಕಿ. ಆಗದಿದ್ದರೆ ನನ್ನ ಟ್ಯಾಂಕಿನ ಆರನೇ ವಾರದ ಫೋಟೋ ಕಳಿಸುತ್ತೇನೆ, ಬರೀ ಕಂದು ಕಲ್ಲು, ಅದನ್ನು ಪಕ್ಕದಲ್ಲಿ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ